ನಾನು ಪಡೆಯದ ಸಾಲ

"ಆ ಕೇಸು ಮುಗೀತಾ ಮಾರಾಯ?"

2024ರ ಜುಲೈ ತಿಂಗಳು, ತೀರ್ಥಹಳ್ಳಿ ಸೀಮೆಯ ಮಳೆ. ಚಿಕ್ಕಪ್ಪನ ಮನೆಯ ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದೆ. ಚಿಕ್ಕಮ್ಮ ಎರಡನೆಯ ಸಲ ಸಾರು ಬಡಿಸುತ್ತಾ, ಜಗುಲಿಯಲ್ಲಿದ್ದ ಚಿಕ್ಕಪ್ಪನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಕೇಳಿದ ಪ್ರಶ್ನೆ ಇದು. ಯಾವ ಕೇಸು ಎಂದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಬೇಡ ಬಿಡು, ಹೇಳೂದು ಬೇಡ ಅಂದಿದ್ದೆಯಂತೆ" ಎಂದು ಒಳಗೆ ಹೋದರು. ನಾನು ನಕ್ಕೆ. ಮಜ್ಜಿಗೆಯ ಹೊತ್ತಿಗೆ ನಗು ಹೋಗಿತ್ತು.

ನಡೆದದ್ದು ಇಷ್ಟು. ಎಂಟು ತಿಂಗಳ ಹಿಂದೆ, ಅಂದರೆ 2023ರ ನವೆಂಬರಿನ ಒಂದು ಬೆಳಿಗ್ಗೆ, ಚಿಕ್ಕಪ್ಪನಿಗೆ ವಿದೇಶದ ನಂಬರಿನಿಂದ ಕರೆ ಬಂದಿತ್ತು. ಮೊದಲು ಮಾತನಾಡಿದ್ದು 'ನಾನು'. ಗಂಟಲು ಕಟ್ಟಿದ್ದ, ಅಳುತ್ತಿದ್ದ ನಾನು. ಟೊರಾಂಟೊದಲ್ಲಿ ಕಾರು ಓಡಿಸುವಾಗ ಒಬ್ಬರಿಗೆ ಗುದ್ದಿದೆ, ಪೊಲೀಸರು ಹಿಡಿದಿದ್ದಾರೆ, ಅಮ್ಮನಿಗೆ ಮಾತ್ರ ಹೇಳಬೇಡಿ. ಆಮೇಲೆ ಫೋನು 'ವಕೀಲ'ನ ಕೈಗೆ ಹೋಯಿತು. ಆತನಿಗೆ ನಾನು ಥಾರ್ನ್‌ಕ್ಲಿಫ್ ಪಾರ್ಕಿನಲ್ಲಿರುವುದು ಗೊತ್ತಿತ್ತು, ತೀರಿಹೋದ ನನ್ನ ಅಪ್ಪನ ಹೆಸರು ಗೊತ್ತಿತ್ತು, ಚಿಕ್ಕಪ್ಪ ಮೇಷ್ಟರಾಗಿದ್ದವರು ಎಂಬುದೂ ಗೊತ್ತಿತ್ತು. ಜಾಮೀನಿಗೆ ತುರ್ತಾಗಿ ಹಣ ಬೇಕು, ಇಲ್ಲಿಂದ ಕಳಿಸಿದರೆ ತಡವಾಗುತ್ತದೆ, ಭಾರತದಲ್ಲೇ ನಮ್ಮ ಕಚೇರಿಯ ಒಂದು ಖಾತೆ ಇದೆ. ಚಿಕ್ಕಪ್ಪ ಛತ್ರಿ ಹಿಡಿದು ಬಸ್ಸು ಹತ್ತಿ ಬ್ಯಾಂಕಿಗೆ ಹೋದರು. ಚೆಕ್ಕು ಬರೆದು 2,40,000 ರೂಪಾಯಿಯನ್ನು ಆರ್‌ಟಿಜಿಎಸ್ ಮಾಡಿಸಿದರು. ಆ ವರ್ಷದ ಅಡಿಕೆಯ ದುಡ್ಡು. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಹೇಳಬೇಡಿ ಎಂದು ನಾನು ಅತ್ತಿದ್ದೆನಲ್ಲ. ಚಿಕ್ಕಮ್ಮನಿಗೆ ಗೊತ್ತಾದದ್ದು ಪಾಸ್‌ಬುಕ್ಕಿನಿಂದ.

ಆ ಎಂಟು ತಿಂಗಳಲ್ಲಿ ನಾನು ಹತ್ತಾರು ಸಲ ಅವರಿಗೆ ಫೋನ್ ಮಾಡಿದ್ದೆ. ಮಳೆ, ಕೊಳೆರೋಗ, ಮಂಗನ ಕಾಟ, ಎಲ್ಲ ಮಾತಾಡಿದ್ದೆವು. ಪ್ರತಿ ಸಲವೂ ಅವರು, ಇವತ್ತಾದರೂ ಇವನು ಆ ವಿಷಯ ಎತ್ತುತ್ತಾನೆ ಎಂದು ಕಾದಿದ್ದರು. ನಾನು ಎತ್ತಲಿಲ್ಲ. ಕೇಳಿದರೆ ಕೊಟ್ಟದ್ದನ್ನು ಆಡಿ ತೋರಿಸಿದಂತಾಗುತ್ತದೆ ಎಂದು ಅವರೂ ಸುಮ್ಮನಿದ್ದರು. ಮಾತಿನಲ್ಲಿ ಏನೋ ಬಿಗಿ ಬಂದದ್ದು ನನಗೆ ತಿಳಿದಿತ್ತು. ವಯಸ್ಸಾಯಿತು, ಕಿವಿ ಮಂದವಾಗಿದೆ ಎಂದುಕೊಂಡಿದ್ದೆ. ಕಳ್ಳ ಒಂದು ದಿನ ಹಣ ತೆಗೆದುಕೊಂಡು ಹೋದ. ಎಂಟು ತಿಂಗಳು ಕೃತಘ್ನನಾಗಿ ಬದುಕಿದವನು ನಾನು, ನನಗೇ ಗೊತ್ತಿಲ್ಲದಂತೆ.

ವಿಷಯ ತಿಳಿದಾಗ ನಾನು ಆಡಿದ ಮೊದಲ ಮಾತು ಇವತ್ತಿಗೂ ನಾಚಿಕೆ ತರುತ್ತದೆ. "ಮೇಷ್ಟರಾಗಿದ್ದವರು ನೀವು, ಹೇಗೆ ನಂಬಿದಿರಿ ಚಿಕ್ಕಪ್ಪ?" ಅವರು ಕವಳ ಉಗಿದು ಬಂದು ಕೂತು ಹೇಳಿದರು: "ನಾನು ನಂಬಿದ್ದು ನಿನ್ನನ್ನ. ಅವನನ್ನಲ್ಲ."

ಈ ಒಂದು ವಾಕ್ಯವನ್ನು ಎರಡು ವರ್ಷದಿಂದ ತಿರುಗಿಸಿ ಮರುಗಿಸಿ ನೋಡುತ್ತಿದ್ದೇನೆ.

ಮೋಸದ ಕರೆಗಳು ನನಗೆ ಹೊಸತಲ್ಲ. ಥಾರ್ನ್‌ಕ್ಲಿಫ್ ಪಾರ್ಕ್ ಎಂದರೆ ಟೊರಾಂಟೊದ ಡಾನ್ ಕಣಿವೆಯ ಅಂಚಿನಲ್ಲಿ, ಒಂದು ಕಾಲದ ಕುದುರೆ ಪಂದ್ಯದ ಮೈದಾನದ ಮೇಲೆ ಎದ್ದ ಎತ್ತರದ ಕಟ್ಟಡಗಳ ಗುಂಪು. ಹೊಸದಾಗಿ ದೇಶಕ್ಕೆ ಬಂದವರು ಮೊದಲು ಇಳಿಯುವ ತಾಣಗಳಲ್ಲಿ ಇದೂ ಒಂದು. ಲಿಫ್ಟಿನಲ್ಲಿ ಉರ್ದು, ದರಿ, ಪಶ್ತೂ, ಗುಜರಾತಿ. ಕನ್ನಡ ಕೇಳಬೇಕಾದರೆ ನಾನೇ ಫೋನಿನಲ್ಲಿ ಮಾತಾಡಬೇಕು. ಹೊಸಬರ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತದೆ: ತೆರಿಗೆ ಕಟ್ಟಿಲ್ಲ, ನಿಮ್ಮ ಮೇಲೆ ವಾರಂಟು ಇದೆ, ನಿಮ್ಮ ಸಿನ್ ಸಂಖ್ಯೆ ರದ್ದಾಗಿದೆ. ಈ ಸಿನ್ ಎಂಬುದು ನಮ್ಮ ಆಧಾರಿನಂಥ ಒಂಬತ್ತು ಅಂಕಿಯ ಸಂಖ್ಯೆ. ತಾತ್ಕಾಲಿಕವಾಗಿ ಬಂದವರಿಗೆ ಅದು 9ರಿಂದ ಶುರುವಾಗುತ್ತದೆ, ಅದಕ್ಕೆ ಮುಕ್ತಾಯದ ದಿನಾಂಕವೂ ಇರುತ್ತದೆ. ವೀಸಾದ ಹೆದರಿಕೆಯಲ್ಲಿರುವವನಿಗೆ 'ರದ್ದು' ಎಂಬ ಮಾತು ಎಲ್ಲಿ ತಾಗುತ್ತದೆಂದು ಕರೆ ಮಾಡುವವನಿಗೆ ಚೆನ್ನಾಗಿ ಗೊತ್ತು. ಕೆಲವು ಸಲ ಆ ಇಂಗ್ಲಿಷಿನಲ್ಲಿ ನಮ್ಮದೇ ದೇಶದ ಉಚ್ಚಾರ ಇರುತ್ತದೆ. ತೆರಿಗೆ ಇಲಾಖೆಯ ಹೆಸರಿನ ಕರೆಗಳ ಬೆನ್ನು ಹತ್ತಿ ಕೆನಡಾದ ಆರ್‌ಸಿಎಂಪಿ ಪೊಲೀಸರು 2018ರಲ್ಲಿ ಶುರುಮಾಡಿದ ತನಿಖೆ ಒಂದು ಕಡೆ ಭಾರತದ ಕಾಲ್ ಸೆಂಟರುಗಳ ಕಡೆಗೂ, ಇನ್ನೊಂದು ಕಡೆ ಇಲ್ಲೇ ಪಕ್ಕದ ಬ್ರ್ಯಾಂಪ್ಟನ್ನಿಗೂ ಹೋಯಿತು. ಅಂಥ ಕರೆ ಬಂದರೆ ನಾನು ಸ್ಪೀಕರ್ ಹಾಕಿ, ಹೆಂಡತಿಗೂ ಕೇಳಿಸಿ, ಆತನನ್ನು ಹತ್ತು ನಿಮಿಷ ಆಟವಾಡಿಸುತ್ತಿದ್ದೆ. ನಾನು ಜಾಣ, ಬೀಳುವವರು ದಡ್ಡರು ಎಂಬ ಲೆಕ್ಕ.

ಈ ಲೆಕ್ಕ ಎಷ್ಟು ಅಗ್ಗದ್ದು ಎಂದು ತೋರಿಸುವ ಇನ್ನೊಂದು ಸಂಗತಿ ಅದೇ ದಿನಗಳಲ್ಲಿ ನನ್ನ ಮನೆಯ ಹತ್ತಿರವೇ ನಡೆದಿತ್ತು. 2023ರ ಅಕ್ಟೋಬರ್ 28ರಂದು ಟೊರಾಂಟೊ ಸಾರ್ವಜನಿಕ ಗ್ರಂಥಾಲಯದ ಗಣಕಜಾಲಕ್ಕೆ ರ‍್ಯಾನ್ಸಮ್‌ವೇರ್ ನುಗ್ಗಿತು. ನೂರು ಶಾಖೆಗಳ ಸಂಸ್ಥೆ ಅದು. ನಮ್ಮ ಥಾರ್ನ್‌ಕ್ಲಿಫ್ ಶಾಖೆಯೂ ಅದರಲ್ಲಿ ಒಂದು. 1998ರಿಂದೀಚೆಗೆ ಕೆಲಸ ಮಾಡಿದ ನೌಕರರ ವಿವರಗಳು ಕಳ್ಳರ ಪಾಲಾದವು. ಗ್ರಂಥಾಲಯ ಸುಲಿಗೆಯ ಹಣ ಕೊಡಲಿಲ್ಲ. ಸಾರ್ವಜನಿಕರ ಕಂಪ್ಯೂಟರುಗಳು ತಿಂಗಳುಗಟ್ಟಲೆ ಬಂದ್. ಜನ ಹಿಂದಿರುಗಿಸಿದ ಪುಸ್ತಕಗಳನ್ನು ಲೆಕ್ಕಕ್ಕೆ ಹಚ್ಚಲು ಬಾರದೆ, ಸುಮಾರು ಹತ್ತು ಲಕ್ಷ ಪುಸ್ತಕಗಳು ಟ್ರೇಲರುಗಳಲ್ಲಿ ಕೂತವು. ನಮ್ಮ ಶಾಖೆಯ ಕಂಪ್ಯೂಟರಿನ ಮುಂದೆ ನಿರಾಶ್ರಿತರ ಅರ್ಜಿ ತುಂಬಲು, ಕೆಲಸ ಹುಡುಕಲು ಕೂರುತ್ತಿದ್ದವರು ಬಂದು ಬರಿಗೈಯಲ್ಲಿ ಹೋದರು. ಆದರೆ ನೋಡಿ, ಇಷ್ಟಾದರೂ "ಅಷ್ಟೊಂದು ಪುಸ್ತಕ ಇಟ್ಟುಕೊಂಡಿರುವ ಗ್ರಂಥಾಲಯ ಹೇಗೆ ಮೋಸಹೋಯಿತು?" ಎಂದು ಯಾರೂ ಕೇಳಲಿಲ್ಲ. ಸಂಸ್ಥೆಗೆ ಆದದ್ದು ದಾಳಿ. ಮನುಷ್ಯನಿಗೆ ಆದದ್ದು ದಡ್ಡತನ. ಸಂಸ್ಥೆ ಪ್ರಕಟಣೆ ಹೊರಡಿಸುತ್ತದೆ. ಮನುಷ್ಯ ಬಾಯಿ ಮುಚ್ಚಿಕೊಳ್ಳುತ್ತಾನೆ.

ಬಾಯಿ ಮುಚ್ಚಿಕೊಳ್ಳುವುದು ಸಣ್ಣ ವಿಷಯವಲ್ಲ. ಕೆನಡಾದ ವಂಚನೆ ತಡೆ ಕೇಂದ್ರಕ್ಕೆ 2024ರಲ್ಲಿ ಜನ ವರದಿ ಮಾಡಿದ ನಷ್ಟವೇ 63 ಕೋಟಿ ಡಾಲರಿಗೂ ಹೆಚ್ಚು. ನಡೆಯುವ ವಂಚನೆಗಳಲ್ಲಿ ನೂರಕ್ಕೆ 5ರಿಂದ 10ರಷ್ಟು ಮಾತ್ರ ತಮ್ಮ ತನಕ ಬರುತ್ತವೆ ಎಂದು ಆ ಕೇಂದ್ರವೇ ಅಂದಾಜು ಮಾಡುತ್ತದೆ. ಭಾರತದಲ್ಲಿ 1930ಕ್ಕೆ ಕೂಡಲೇ ಫೋನ್ ಮಾಡಿದರೆ ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಹಿಡಿಯಬಹುದು. ಎಂಟು ತಿಂಗಳ ಮೇಲೆ ಮಾಡಿದರೆ ದೂರು ಬರೆದುಕೊಳ್ಳುವವರಿಗೂ ಬೇಸರ. ನಾವೂ ಕೊಟ್ಟೆವು, ಬರೆದುಕೊಂಡರು. 2025ರ ಮಾರ್ಚ್‌ನಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮದಲ್ಲಿ, ಪೊಲೀಸರ ಸೋಗಿನಲ್ಲಿ ಬೆದರಿಸಿದವರಿಗೆ ಲಕ್ಷಗಟ್ಟಲೆ ಹಣ ಕೊಟ್ಟ ವೃದ್ಧ ದಂಪತಿ ಪ್ರಾಣವನ್ನೇ ಕಳೆದುಕೊಂಡರು. ಆ ಸುದ್ದಿ ಓದಿದ ದಿನ ನಾನು ಚಿಕ್ಕಪ್ಪನಿಗೆ ಫೋನ್ ಮಾಡಿ, ಏನು ಮಾತಾಡಬೇಕೆಂದು ತಿಳಿಯದೆ, ಕಾಳುಮೆಣಸಿನ ದರ ಕೇಳಿದೆ.

ಈಗ ಸಾಲದ ಮಾತಿಗೆ ಬರುತ್ತೇನೆ. ಊರಿನಿಂದ ಹೊರಡುವ ಹಿಂದಿನ ದಿನ ಆ 2,40,000 ರೂಪಾಯಿ ನಾನು ಕೊಡುತ್ತೇನೆ ಎಂದೆ. ಚಿಕ್ಕಪ್ಪ ಬೇಡ ಎಂದರು. ನಾನು ಹಟ ಹಿಡಿದೆ. ಅವರು ಸ್ವಲ್ಪ ಸಿಟ್ಟಿನಿಂದಲೇ, "ನೀನು ಕೊಟ್ಟರೆ ತಗೊಂಡವನು ನೀನೇ ಅಂತ ಆಗ್ತದೆ, ಮಳ್ಳ" ಎಂದರು.

ಕಾನೂನು ಏನು ಹೇಳುತ್ತದೆ ಎಂಬುದು ಸುಲಭ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಲ್ಲಿ, ಇನ್ನೊಬ್ಬನ ಸೋಗು ಹಾಕಿ ಗಣಕದ ಮೂಲಕ ವಂಚಿಸಿದವನಿಗೆ ಶಿಕ್ಷೆ ಇದೆ. ಕೆನಡಾದ ದಂಡಸಂಹಿತೆಯಲ್ಲೂ ಅಂಥದ್ದೇ ಕಲಮು ಇದೆ. ಯಾರ ಸೋಗು ಹಾಕಿದರೋ ಅವನ ಮೇಲೆ ಯಾವ ಹೊಣೆಯೂ ಇಲ್ಲ. ಕೊಟ್ಟವರು ಚಿಕ್ಕಪ್ಪ, ಪಡೆದವನು ಕಳ್ಳ, ನಡುವೆ ನಾನು ಇಲ್ಲವೇ ಇಲ್ಲ. ಆದರೆ ಚಿಕ್ಕಪ್ಪ ಕೊಟ್ಟದ್ದು ಆ ಅಪರಿಚಿತನಿಗಲ್ಲವಲ್ಲ. ಕೊಡುವ ಗಳಿಗೆಯಲ್ಲಿ ಅವರ ಮನಸ್ಸಿನಲ್ಲಿ ಇದ್ದವನು ನಾನು ಒಬ್ಬನೇ. ಕೊಡುವುದು ಎಂಬ ಕೆಲಸ ಪೂರ್ತಿಯಾಗಿ ನಡೆದಿದೆ. ಪಡೆಯುವುದು ಮಾತ್ರ ನಡೆದಿಲ್ಲ. ಇಂಥ ಅರ್ಧ ವ್ಯವಹಾರಕ್ಕೆ ನಮ್ಮಲ್ಲಿ ಏನು ಹೆಸರು? 'ಸಾಲ' ಎಂಬ ಮಾತಿಗೆ ಎರಡು ಕಡೆಯವರು ಬೇಕು. 'ಋಣ' ಎಂಬ ಮಾತಿಗೆ ಬೇಡವೇನೋ. ಪಿತೃಋಣ ಎನ್ನುವಾಗ ನಾವು ಕೇಳಿ ಪಡೆದದ್ದು ಏನೂ ಇಲ್ಲ, ಆದರೂ ಇದೆ ಎನ್ನುತ್ತೇವೆ.

'ಅಪಾತ್ರ ದಾನ' ಎಂಬ ಮಾತು ಇದೆ, ನಿಜ. ಹೊಳೆಗೆ ಸುರಿದರೂ ಅಳೆದು ಸುರಿ ಎಂದವರು ನಮ್ಮ ಹಿರಿಯರೇ. ಆದರೆ ಚಿಕ್ಕಪ್ಪ ಪಾತ್ರವನ್ನು ನೋಡಿಯೇ ಕೊಟ್ಟರು. ಅವರು ನೋಡಿದ ಪಾತ್ರ ನಾನು. ಈ ಗಾದೆಗಳಿಗೆ, ಪಾತ್ರಧಾರಿಯೇ ಬದಲಾಗಿ ಬರಬಹುದೆಂದು ಗೊತ್ತಿರಲಿಲ್ಲ.

ನನ್ನ ಅವಸರದ ಬಗ್ಗೆಯೂ ಒಂದು ಮಾತು ಹೇಳಿಬಿಡಬೇಕು. 1994ರಲ್ಲಿ ನಾನು ಎಂಜಿನಿಯರಿಂಗ್ ಸೇರಿದಾಗ ಮೊದಲ ವರ್ಷದ ಫೀಸು ಕಟ್ಟಿದ್ದು ಇದೇ ಚಿಕ್ಕಪ್ಪ. ಎಷ್ಟು ಎಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಹಿಂದಿರುಗಿಸುವ ಯೋಚನೆ ಮೂವತ್ತು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಪಡೆದ ಹಣಕ್ಕೆ ಇಲ್ಲದ ಅವಸರ ಪಡೆಯದ ಹಣಕ್ಕೆ ಯಾಕೆ? ಇದನ್ನು ಎಣಿಸಿ ಕೊಟ್ಟು ಕೈ ತೊಳೆಯಬಹುದು, ಅದನ್ನು ಆಗದು ಎಂದಿರಬೇಕು. ಚಿಕ್ಕಪ್ಪನಿಗೆ ಅದು ಕಂಡಿತು ಅಂತ ಕಾಣುತ್ತದೆ.

ಹೊಣೆ ಇಲ್ಲ ಎಂದು ನಾನು ಪೂರ್ತಿ ನಂಬಲಾರದ್ದಕ್ಕೆ ಇನ್ನೊಂದು ಕಾರಣ ಇದೆ. ಆ 'ವಕೀಲ'ನಿಗೆ ನನ್ನ ಬಗ್ಗೆ ಗೊತ್ತಿದ್ದ ಒಂದೊಂದನ್ನೂ ಊರಿನಲ್ಲಿ ಕೂತು ಪಟ್ಟಿ ಮಾಡಿದೆ. ಕಳ್ಳತನ ಮಾಡಿ ತಿಳಿಯಬೇಕಾದದ್ದು ಅದರಲ್ಲಿ ಒಂದೂ ಇರಲಿಲ್ಲ. ಅಪ್ಪನ ಹೆಸರು, ಊರು, ಚಿಕ್ಕಪ್ಪನ ಹೆಸರಿನ ಮುಂದೆ 'ನಿವೃತ್ತ ಶಿಕ್ಷಕರು' ಎಂಬ ಬಿರುದು, ಫೋನ್ ನಂಬರು, ಎಲ್ಲವೂ ತಂಗಿಯ ಮಗಳ ಮದುವೆಯ ಕರೆಯೋಲೆಯಲ್ಲಿ ಅಚ್ಚಾಗಿತ್ತು. ಆ ಕರೆಯೋಲೆಯನ್ನು ಹೆಮ್ಮೆಯಿಂದ ಸಾಮಾಜಿಕ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದವನು ನಾನೇ. ಮೊದಲ ಹಿಮ ಬಿದ್ದ ದಿನ ನಮ್ಮ ಕಟ್ಟಡದ ಬಾಗಿಲಲ್ಲಿ ತೆಗೆದ ಚಿತ್ರವನ್ನೂ ಹಾಕಿದ್ದೆ. ಹಿಂದೆ ಬಜರಿನ ಫಲಕ. ಅಕ್ಕಪಕ್ಕದವರೆಲ್ಲ ಬರೀ 'ಬಾಡಿಗೆದಾರ' ಎಂದು ಹಾಕಿಸಿದ ಕಡೆ, ಊರಿನ ಹೆಸರೂ ಸೇರಿ ನನ್ನ ಪೂರ್ತಿ ಹೆಸರು. ಅಷ್ಟು ಉದ್ದದ ಹೆಸರು ಹಾಕಿಸಲು ಮ್ಯಾನೇಜರನ ಹತ್ತಿರ ವಾದ ಮಾಡಿದ್ದೆ.

ಇದರಲ್ಲಿ ತಪ್ಪು ಎಲ್ಲಿದೆ ಎಂದು ಹೇಳುವುದು ಕಷ್ಟ. 'ಯಾವೂರು, ಯಾರ ಮಗ' ಎಂದು ಕೇಳಿಯೇ ನಮ್ಮಲ್ಲಿ ನೀರು ಬೆಲ್ಲ ಕೊಡುವುದು. ಕರೆಯೋಲೆಯಲ್ಲಿ ಮೂರು ತಲೆಮಾರು ಬರೆಯುವುದು ನಾವು ಎಲ್ಲಿಂದ ಬಂದವರೆಂದು ಒಪ್ಪಿಕೊಳ್ಳಲು. ಇಲ್ಲಿಯ ಬ್ಯಾಂಕಿನವರೊಬ್ಬರು ಒಮ್ಮೆ ಫೋನಿನಲ್ಲಿ, ನಾನು ನಾನೇ ಎಂದು ಖಚಿತಪಡಿಸಿಕೊಳ್ಳಲು, ತಾಯಿಯ ತವರಿನ ಹೆಸರು ಕೇಳಿದ್ದರು. ಅದು ಗುಟ್ಟೆಂದು ಅವರ ಭಾವನೆ. ನಮ್ಮ ಸೀಮೆಯಲ್ಲಿ ಬಸ್ ಸ್ಟ್ಯಾಂಡಿನ ಹೂವಿನವಳಿಗೂ ಅಮ್ಮನ ತವರು ಗೊತ್ತು. ನಮ್ಮವರಿಗೆ ಯಾವುದು ನೆಂಟಸ್ತಿಕೆಯೋ ಬ್ಯಾಂಕಿಗೆ ಅದು ಬೀಗದ ಕೈ. 'ಇವನಿಗೆ ನನ್ನ ಅಣ್ಣನ ಹೆಸರು ಗೊತ್ತು, ಹಾಗಾದರೆ ನಮ್ಮವನೇ' ಎಂಬ ನೂರಾರು ವರ್ಷದ ತರ್ಕ ಸುಳ್ಳಾಗಿರಲಿಲ್ಲ. ಗೊತ್ತಿರಬೇಕಾದರೆ ಮನೆಗೆ ಬಂದು ಹೋದವನೇ ಆಗಿರಬೇಕಿತ್ತು. ಈಗ ಹಾಗಿಲ್ಲ, ಅಷ್ಟೇ.

ಖಾಸಗಿತನ ಎಂಬ ಹೊಸ ಪದ ನಮ್ಮ ಪತ್ರಿಕೆಗಳಲ್ಲಿ ಓಡಾಡಿದ್ದು ಒಬ್ಬ ಕನ್ನಡಿಗರಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ದೊಡ್ಡ ಗೆಲುವು ಅದು. ಆದರೆ ಹಕ್ಕು ಎಂದ ಕೂಡಲೇ ನಾವು 'ನನ್ನ ಮಾಹಿತಿ, ನನ್ನಿಷ್ಟ' ಎಂದು ತಿಳಿಯುತ್ತೇವೆ. ನಾನು ಹಾಗೇ ತಿಳಿದಿದ್ದೆ: ನನ್ನ ಚಿತ್ರ ನಾನು ಹಾಕಿದರೆ ಯಾರಿಗೇನು? ನನ್ನ ಹೆಸರು ನನ್ನ ಒಬ್ಬನ ಸೊತ್ತಾಗಿದ್ದರೆ ಕಳ್ಳನಿಗೆ ಸಿಗುತ್ತಿದ್ದದ್ದು ನನ್ನ ಖಾತೆ. ಆದರೆ ಆ ಹೆಸರಿನ ಮೇಲೆ ಚಿಕ್ಕಪ್ಪ ಐವತ್ತು ವರ್ಷ ಇಟ್ಟ ಅಕ್ಕರೆ ಇತ್ತು. ಆತ ತೆಗೆದದ್ದು ಅದನ್ನು. ನಾನು ಬೀದಿಗಿಟ್ಟದ್ದು ನನ್ನ ವಿವರ, ಹೋದದ್ದು ಅವರದ್ದು.

ಆ ಕಳ್ಳನ ಮೇಲೆ ಸಿಟ್ಟು ಬರಬೇಕಲ್ಲ, ಅದೂ ನೆಟ್ಟಗೆ ಬರುವುದಿಲ್ಲ. ಕೆಲಸದ ಆಸೆ ತೋರಿಸಿ ಕರೆದೊಯ್ದು ಮ್ಯಾನ್ಮಾರ್, ಕಾಂಬೋಡಿಯಾಗಳ ಬೇಲಿಯೊಳಗೆ ಕೂಡಿಹಾಕಿ, ಇಂಥ ವಂಚನೆ ಮಾಡಿಸುವ ಠಾಣ್ಯಗಳಿವೆ. 2025ರ ಮಾರ್ಚ್ 10ರಂದು ಅಂಥ 283 ಭಾರತೀಯರನ್ನು ಥಾಯ್ಲೆಂಡಿನ ಮೇ ಸೋಟ್‌ನಿಂದ ವಾಯುಪಡೆಯ ವಿಮಾನದಲ್ಲಿ ಕರೆತಂದರು. ನನ್ನ ಧ್ವನಿಯಲ್ಲಿ ಅತ್ತವನು ಅಂಥವನೇ ಆಗಿದ್ದರೆ ಅವನ ಅಳು ಪೂರ್ತಿ ಸುಳ್ಳಾಗಿರಲಿಕ್ಕಿಲ್ಲ. ಅಥವಾ ಅವನು ಹವಾನಿಯಂತ್ರಿತ ಕೋಣೆಯಲ್ಲಿ ಕೂತ, ಕಮಿಷನ್ ಎಣಿಸುವ ಯುವಕನೂ ಆಗಿರಬಹುದು. ನನ್ನ ಸಿಟ್ಟಿಗೆ ಮುಖ ಇಲ್ಲ.

ಎಚ್ಚರಿಕೆಯ ಪಾಠಗಳೆಲ್ಲ ಕೊನೆಗೆ ಒಂದೇ ಮಾತು ಹೇಳುತ್ತವೆ: ಯಾರನ್ನೂ ನಂಬಬೇಡಿ. ನಮ್ಮ ಲಿಫ್ಟಿನಲ್ಲೂ ನಾಲ್ಕು ಭಾಷೆಯಲ್ಲಿ ಅಂಟಿಸಿದ್ದಾರೆ. ನಾನು ಇದನ್ನು ಚಿಕ್ಕಪ್ಪನಿಗೆ ಹೇಳಲಾರೆ. ನಾಳೆ ನಿಜವಾಗಿಯೂ ನಾನು ಕಾರು ಗುದ್ದಿ ಠಾಣೆಯಲ್ಲಿ ಕೂತರೆ, ಕಾರಣ ಕೇಳದೆ ಛತ್ರಿ ಹಿಡಿದು ಬಸ್ಸು ಹತ್ತುವವರು ಒಬ್ಬರು ಇದ್ದಾರೆ ಎಂಬುದರ ಮೇಲೆ ನಾನು ಇಷ್ಟು ದೂರ ಬಂದು ಬದುಕಿರುವುದು. ಅದನ್ನು ಕಿತ್ತುಹಾಕಿ ಅವರ ಹಣ ಉಳಿಸಿಕೊಡುವುದು ನನಗೆ ಬೇಡ. ಹಾಗೆಂದು ಸುಮ್ಮನಿರುವಂತೆಯೂ ಇಲ್ಲ. ಅದೇ ನಂಬರುಗಳ ಪಟ್ಟಿ ಇನ್ನೊಬ್ಬನ ಕೈಗೆ ಮಾರಾಟವಾಗಿರುತ್ತದೆ. ಒಮ್ಮೆ ಕೊಟ್ಟವರಿಗೆ ಮತ್ತೆ ಕರೆ ಬರುತ್ತದೆ. 'ನಿಮ್ಮ ಹಣ ಬಿಡಿಸಿಕೊಡುತ್ತೇವೆ' ಎಂದು ಚಿಕ್ಕಪ್ಪನಿಗೆ ಬಂದೂ ಇತ್ತು.

ಕಡೆಗೆ ನಾವು ಮಾಡಿಕೊಂಡದ್ದು ಸಣ್ಣ ಏರ್ಪಾಡು. ಯಾರು ಕರೆ ಮಾಡಿ ಏನು ಹೇಳಿದರೂ, ಇಟ್ಟುಬಿಟ್ಟು, ಪುಸ್ತಕದಲ್ಲಿ ಬರೆದಿಟ್ಟ ನನ್ನ ನಂಬರಿಗೆ ಅವರೇ ಕರೆ ಮಾಡುವುದು. 'ಯಾರಿಗೂ ಹೇಳಬೇಡಿ' ಎಂಬ ಮಾತು ಬಂತೋ, ಮೊದಲು ಚಿಕ್ಕಮ್ಮನಿಗೆ ಹೇಳುವುದು. ಜೊತೆಗೆ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪದ. ನಾನು ಚಿಕ್ಕವನಿದ್ದಾಗ ಕೊಟ್ಟಿಗೆಯಲ್ಲಿದ್ದ ಯಾವುದಕ್ಕೋ ಸಂಬಂಧಿಸಿದ್ದು. ಅದನ್ನು ಇಲ್ಲಿ ಬರೆಯುವಂತಿಲ್ಲ ಎಂಬುದು ಓದುಗರಿಗೆ ಅರ್ಥವಾದೀತು. ಚಿಕ್ಕಪ್ಪನಿಗೆ ಮೊದಲು ಇದು ಹಿಡಿಸಲಿಲ್ಲ. ಅಣ್ಣನ ಮಗನ ಹತ್ತಿರ 'ನೀನು ಹೌದಾ' ಎಂದು ಕೇಳುವುದು ಅವಮರ್ಯಾದೆಯಲ್ಲವೇ? ನನಗೆ ಆಗುವುದಿಲ್ಲ, ಕೇಳಿ ಎಂದೆ. ಸುಳ್ಳು ಹೇಳಿದೆನೆಂದು ಆಮೇಲೆ ತಿಳಿಯಿತು.

ಕಳೆದ ನವೆಂಬರಿನಲ್ಲಿ ಚಿಕ್ಕಪ್ಪನಿಗೆ ಕಣ್ಣಿನ ಪೊರೆಯ ಆಪರೇಶನ್ ಆಗಿತ್ತು. ಅದೇ ದಿನ ನನ್ನ ಫೋನು ಓವರ್‌ಲೀ ರಸ್ತೆಯಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದು ಒಡೆಯಿತು. ಪಕ್ಕದ ಮನೆಯ ಅಫ್ಘನ್ ಹುಡುಗನ ಫೋನು ಕೇಳಿ ಪಡೆದು, ಬಾಯಿಪಾಠ ಇರುವ ಒಂದೇ ನಂಬರಿಗೆ, ಊರಿನ ಲ್ಯಾಂಡ್‌ಲೈನಿಗೆ ಕರೆ ಮಾಡಿದೆ. ಚಿಕ್ಕಪ್ಪನೇ ಎತ್ತಿದರು. ನಾನು ಎಂದೆ. "ಪದ ಹೇಳು" ಎಂದರು.

ಬರಲಿಲ್ಲ. ನಾಲಗೆಯ ತುದಿಯಲ್ಲೂ ಇಲ್ಲ. ಅಪ್ಪನ ಹೆಸರು ಹೇಳಿದೆ, ಅಜ್ಜನ ಹೆಸರು ಹೇಳಿದೆ, ಕಣ್ಣಿನ ಡಾಕ್ಟರು ಏನಂದರು ಎಂದು ಕೇಳಿದೆ, 94ರ ಫೀಸಿನ ವಿಷಯವನ್ನೂ ಅಂದುಬಿಟ್ಟೆ. ಆ ಕಡೆ ಒಂದು ಕ್ಷಣ ಏನೂ ಇಲ್ಲ. ಉಸಿರು ಮಾತ್ರ ಕೇಳುತ್ತಿತ್ತು.

"ಅವನಿಗೂ ಸುಮಾರು ಗೊತ್ತಿತ್ತು ಮಾರಾಯ" ಎಂದು ಮೆತ್ತಗೆ ಹೇಳಿ ಫೋನ್ ಇಟ್ಟರು.

ಹುಡುಗ ನನ್ನ ಮುಖ ನೋಡಿ, ಎಲ್ಲ ಸರಿ ಇದೆಯಾ ಎಂದು ಕೇಳಿದ. ಸರಿ ಇದೆ ಎಂದು ಫೋನು ಕೊಟ್ಟು, ಅಂಗಡಿ ಮುಚ್ಚುವ ಮೊದಲು ನನ್ನ ಫೋನು ರಿಪೇರಿಗೆ ಕೊಡಲು ಕೆಳಗೆ ಹೊರಟೆ. ಪದ ನೆನಪಾದದ್ದು ಲಿಫ್ಟು ಒಂಬತ್ತನೆಯ ಮಹಡಿ ದಾಟಿದ ಮೇಲೆ.